ದೊಡ್ಡವರು ಮೊದಲು

ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಹೋಗುವವರಲ್ಲಿ ಎರಡು ಪಂಗಡ. ಕಾಯಿ ಒಡೆಸಿ, ಕೈಮುಗಿದು, ಸೀದಾ ಬಸ್ಸಿನ ಕಡೆ ನಡೆಯುವ ಹಿರಿಯರು. ಬಳೆ ಅಂಗಡಿ, ಬೆಂಡು ಬೆತ್ತಾಸು, ನಾಟಕದ ಟೆಂಟು ಎಲ್ಲದರಲ್ಲೂ ತಲೆ ತೂರಿಸಿ ಕತ್ತಲಾದ ಮೇಲೆ ಕೈಗೆ ಸಿಗುವ ಹುಡುಗರು. ಅಣುಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಯೂ ಇಷ್ಟೇ. ಕೊಳವೆಯ ತುಂಬ ತೂತುಗಳುಳ್ಳ ಮಣಿಗಳನ್ನು ತುಂಬಿ ದ್ರಾವಣ ಹರಿಸಿದರೆ, ಎಲ್ಲೂ ಹಿಡಿಸದ ದೊಡ್ಡ ಅಣು ಮೊದಲು ಹೊರಬರುತ್ತದೆ. ಚಿಕ್ಕವು ಕಂಡಕಂಡ ತೂತು ಹೊಕ್ಕು ಆಮೇಲೆ ಬರುತ್ತವೆ.

ಬಾಗಲಕೋಟೆಯಲ್ಲಿ ಈ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇಳಕಲ್ಲಿನ ಕಾಕಾನ ಮನೆಗೆ ಹೋದಾಗಲೂ ಸುಮ್ಮನಿರಲಾರೆ. ಗ್ರಾನೈಟ್ ಪಾಲಿಶ್ ಕೆಲಸದಲ್ಲೇ ಆಯುಷ್ಯ ಸವೆಸಿದ ಕಾಕಾ, ಮಣಿಯ ರೇಟು ಕೇಳಿ, "ಇಷ್ಟ್ ರೊಕ್ಕ ಯಾಕ ಸುರೀತೀರಿ ತಮ್ಮಾ? ನಮ್ಮೂರ ಕಲ್ಲು ಪುಡಿ ಮಾಡಿ ತುಂಬ್ರಿ" ಅಂದರು.

ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಮುಖ ಕಾಣುತ್ತದೆ, ತೂತು ಕಾಣುವುದಿಲ್ಲ. ಅದನ್ನು ತುಂಬಿದರೆ ದೊಡ್ಡದು ಚಿಕ್ಕದು ಒಟ್ಟಿಗೇ ಹೊರಬೀಳುತ್ತವೆ. ಬಾದಾಮಿಯ ಮರಳುಗಲ್ಲಿಗೆ ತೂತುಂಟು, ಆದರೆ ಮೈಕ್ರಾನ್ ಲೆಕ್ಕದ್ದು. ನಾವು ಬೇರ್ಪಡಿಸುವ ಪ್ರೋಟೀನು ಕೆಲವೇ ನ್ಯಾನೊಮೀಟರಿನದು, ದೊಡ್ಡದು ಚಿಕ್ಕದು ಎಲ್ಲ ಒಳನುಗ್ಗುತ್ತವೆ. ಚಾಲುಕ್ಯರ ಮಂಗಳೇಶ ಆ ಕಲ್ಲಿನಲ್ಲಿ ವಿಷ್ಣುವಿಗೆ ಗುಹೆ ಕೊರೆಸಿ 578ರಲ್ಲಿ ಶಾಸನ ಹಾಕಿಸಿದ್ದೇ ಸದುಪಯೋಗ. ಹುನಗುಂದದ ಎರೆಮಣ್ಣು? ನೀರು ಕಂಡರೆ ಉಬ್ಬುತ್ತದೆ ನಿಜ, ಆದರೆ ಬಂದದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ.

ಆಯ್ಕೆಯ ಕಷ್ಟ ಇರುವುದೇ ಈ ಅಂಟಿನಲ್ಲಿ. ಮಣಿ ಹಿಡಿಸುವವರನ್ನೆಲ್ಲ ಒಳಗೆ ಕರೆಯಬೇಕು, ಯಾರನ್ನೂ ಇಟ್ಟುಕೊಳ್ಳಬಾರದು. ಬರೀ ಸಿಲಿಕಾಕ್ಕೆ ಪ್ರೋಟೀನಿನ ಮೇಲೆ ಮೋಹ, ಅದಕ್ಕೇ ಅದರ ಮೈಗೆ ಡಯೋಲ್ ಲೇಪ. ಸಾವಯವ ದ್ರಾವಕದಲ್ಲಿ ಕರಗುವ ಪಾಲಿಮರುಗಳಿಗೆ ಪಾಲಿಸ್ಟೈರೀನ್ ಮಣಿ, ಡೌ ಕಂಪನಿಯ ಮೂರ್ 1964ರಲ್ಲಿ ತೋರಿಸಿದ ದಾರಿ. ಪ್ರೋಟೀನಿಗೆ ಕಡಲಪಾಚಿಯ ಅಗರೋಸ್, ಇಲ್ಲವೇ ಉಪ್ಸಾಲಾದ ಪೊರಾತ್ ಮತ್ತು ಫ್ಲೋಡಿನ್ 1959ರಲ್ಲಿ ಪ್ರಕಟಿಸಿದ ಡೆಕ್ಸ್ಟ್ರಾನ್, ಅಂದರೆ ಸೆಫಾಡೆಕ್ಸ್.

ಕಾಕಿಯ ಕಿವಿ ನೆಟ್ಟಗಾದದ್ದು ಹಿಟ್ಟಿನ ಸುದ್ದಿಗೆ. ಸೆಫಾಡೆಕ್ಸಿಗೂ ಮೊದಲು ಲಂಡನ್ನಿನ ಲೇತ್ ಮತ್ತು ರುತ್ವೆನ್ ಪಿಷ್ಟವನ್ನೇ ಉಬ್ಬಿಸಿ ಕೊಳವೆಗೆ ತುಂಬಿದ್ದರು. ಅವರ ಲೇಖನ ಬಂದದ್ದು 1956ರಲ್ಲಿ. ಜೋಳದ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರು ಹೊಯ್ದು, ಜಿಗಿ ಬರುವತನಕ ನಾದುವ ಕಾಕಿಗೆ ಪಿಷ್ಟ ಉಬ್ಬುವುದೇನು ಹೊಸದೇ? "ನೀರು ಇಳೀತಿತ್ತೇನು ಅದರಾಗ?" ಎಂದಳು. ನನ್ನ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಕೇಳದ ಪ್ರಶ್ನೆ. ಮೆತ್ತನೆಯದು ಒತ್ತಿಕೊಂಡರೆ ಹರಿವು ನಿಂತೇಹೋಗುತ್ತದೆ. ಗಟ್ಟಿ ಮಣಿಗಳಿಗೆ ಬೆಲೆ ಬಂದದ್ದೇ ಅದರಿಂದ.

ಸೆಫಾಡೆಕ್ಸನ್ನೂ ನೆನೆಸಬೇಕು ಎಂದೆ. ಜಿ-25 ಮೂರು ತಾಸಿಗೆ ಉಬ್ಬಿದರೆ ಜಿ-200ಕ್ಕೆ ಮೂರು ದಿನ ಬೇಕು, ಕುದಿನೀರಿನ ಮೇಲಿಟ್ಟರೆ ಐದು ತಾಸು.

"ಮೂರು ದಿನಾ ನೆನಿ ಇಟ್ರ ಹಳಸಂಗಿಲ್ಲೇನೋ?"

ಹಳಸುತ್ತದೆ. ಡೆಕ್ಸ್ಟ್ರಾನ್ ಎಂದರೆ ಸಕ್ಕರೆಯ ಸರಪಳಿ, ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಕೆಡದಿರಲೆಂದು ಶೇಕಡಾ 0.02ರಷ್ಟು ಸೋಡಿಯಂ ಅಜೈಡ್ ಬೆರೆಸುತ್ತಾರೆ, ಶುದ್ಧ ವಿಷ. ಕಾಕಿ ಆಗಲೇ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕುತ್ತಿದ್ದಳು.

"ಒಂಚೂರು ಉಪ್ಪು ಹಾಕ್ತೀವಿ ಕಾಕಿ" ಅಂದೆ.