ಹಾಲು ತಂದ ಹಡಗು

"ಮನೆ ಏರಿ ಪಕ್ಕದಲ್ಲೇ ಸಾರ್" ಎಂದು ಚೆನ್ನೈನ ಬ್ರೋಕರ್ ಅಂದಾಗ ಹಿಗ್ಗಿಹೋಗಿದ್ದೆ. ತುಮಕೂರಿನವನಾದ ನನಗೆ ಏರಿ ಅಂದರೆ ಕೆರೆಯ ಕಟ್ಟೆ, ಸಂಜೆ ಗಾಳಿಗೆ ಓಡಾಡುವ ಒಣ ಜಾಗ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ಈ ವ್ಯಾಕರಣವನ್ನು 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ನನಗೆ ಸೊಂಟದವರೆಗೆ ಕಲಿಸಿತು.

ಆಗ ನಮ್ಮ ಬೀದಿಗೆ ಬಂದ ಮೀನುಗಾರರು ಮೋಟಾರನ್ನು ನೀರಿನಿಂದ ಮೇಲೆತ್ತಿಟ್ಟು, ತಾವೇ ಇಳಿದು ದೋಣಿ ತಳ್ಳಿಕೊಂಡು ಬಂದಿದ್ದರು. ನಾನು ಅದನ್ನು ನೋಡಿಯೂ ನೋಡದೆ, "ಇದು ಎಷ್ಟು ಎಚ್‌ಪಿ?" ಎಂದು ಕೇಳಿದೆ.

ಮುಂದಿನ ಮಳೆಯೊಳಗೆ ಸ್ವಂತ ದೋಣಿ ಬೇಕೆಂದು ತೀರ್ಮಾನಿಸಿ ಊಟದ ಮೇಜಿನ ಮೇಲೆ ಸಂಶೋಧನೆ ಶುರುವಾಯಿತು. ಹಿಂದೆ ಕಟ್ಟುವ ಮೋಟಾರಾದರೆ ಹಿಡಿಯನ್ನು ಎಡಕ್ಕೆ ತಳ್ಳಿದಾಗ ದೋಣಿ ಬಲಕ್ಕೆ ತಿರುಗುತ್ತದೆ. ಇದನ್ನು ಸಟ್ಟುಗ ಹಿಡಿದು ಸಾಂಬಾರಿನಲ್ಲಿ ತೋರಿಸಿದೆ. ಜೆಟ್ ಆದರೆ ಅಡಿಯಿಂದ ನೀರು ಹೀರಿ ಹಿಂದಕ್ಕೆ ಉಗಿಯುತ್ತದೆ, ಹೊರಗೆ ತಿರುಗುವ ರೆಕ್ಕೆಯಿಲ್ಲ. ಆದರೆ ಆಕ್ಸಿಲರೇಟರ್ ಬಿಟ್ಟೆವೋ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಅದು ಮೂಗಿನ ನೇರಕ್ಕೇ ಹೋಗುತ್ತದೆ. ಸ್ಕೂಟರ್ ಓಡಿಸಿ ರೂಢಿಯಾದವನು ಎದುರಿಗೆ ಎಮ್ಮೆ ಕಂಡ ಕೂಡಲೇ ಮಾಡುವುದೇ ಆ ತಪ್ಪನ್ನು.

"ಥೇಟ್ ನೀವೇ ಕಣ್ರೀ," ಅಂದಳು ನನ್ನಾಕೆ, "ಸುಮ್ಮನೆ ಕೂತಾಗ ಯಾವ ಕಡೆ ತಿರುಗಿಸಿದ್ರೂ ತಿರುಗಲ್ಲ."

ಕೊನೆಗೆ ಗಾಳಿ ತುಂಬುವ ರಬ್ಬರ್ ದೋಣಿ ತಂದು, ಅದಕ್ಕೊಂದು ಪುಟ್ಟ ಬ್ಯಾಟರಿ ಮೋಟಾರು ಕಟ್ಟಿದೆ. ಸದ್ದಿಲ್ಲ, ನಿಧಾನಕ್ಕೆ ಸರಿಯಾದದ್ದು. ಬೇಕಾದದ್ದು 12 ವೋಲ್ಟ್, ಅದು ಮನೆಯ ಇನ್ವರ್ಟರ್ ಕೆಳಗೇ ಕೂತಿತ್ತು.

2024ರ ಅಕ್ಟೋಬರ್‌ನಲ್ಲಿ ರೆಡ್ ಅಲರ್ಟ್ ಬಂತು. ವೇಲಚೇರಿಯ ಜನ ಕಾರುಗಳನ್ನೆಲ್ಲ ಫ್ಲೈಓವರ್ ಮೇಲೆ ಸಾಲಾಗಿ ನಿಲ್ಲಿಸಿದರು. ನಾನು ಇನ್ವರ್ಟರ್ ಬ್ಯಾಟರಿ ಕಿತ್ತೆ. ಕರೆಂಟು ಹೋಯಿತು. ಕತ್ತಲಲ್ಲಿ ಅತ್ತೆಯವರು ನನ್ನ ಹೆಸರು ಹಿಡಿದು ಏನೋ ಅಂದರು. ಅದು ಇಲ್ಲಿ ಬೇಡ.

ಬೆಳಿಗ್ಗೆ ಬೀದಿಯಲ್ಲಿ ಮೊಣಕಾಲಿನ ಕೆಳಗೇ ನೀರು. ಹಾಲು ತರಲು ಹೊರಟೆ. ಕೂತದ್ದೇ ತಡ, ನನ್ನ ಮತ್ತು ಬ್ಯಾಟರಿಯ ಭಾರಕ್ಕೆ ಹಿಂಬದಿ ತಗ್ಗಿತು, ಮೂತಿ ಮೇಲೆದ್ದು ಗಾಳಿ ಬಂದ ಕಡೆಗೆಲ್ಲ ಆಡತೊಡಗಿತು. ಎಡಕ್ಕೆ ಹೋಗಲೆಂದು ಎಡಕ್ಕೇ ತಳ್ಳಿದೆ. ಬಲಗಡೆಯ ಗೇಟಿಗೆ ಗುದ್ದಿದೆ. ನೀರಲ್ಲಿ ಬ್ರೇಕಿಲ್ಲ. ನಿಲ್ಲಿಸಬೇಕಾದರೆ ರಿವರ್ಸ್ ತಿರುಗಿಸಬೇಕು. ತಿರುಗಿಸಿದೆ. ರೆಕ್ಕೆ ಮೊದಲು ಟಾರು ಕೆರೆಯಿತು, ಆಮೇಲೆ ಯಾವುದೋ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಬಿಗಿಯಾಗಿ ಸುತ್ತಿಕೊಂಡು ತೆಪ್ಪಗಾಯಿತು.

ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿದ ನನ್ನಾಕೆ ನಡೆದುಕೊಂಡೇ ಅಂಗಡಿಗೆ ಹೋಗಿ ಬಂದಿದ್ದಳು. ಮೂರು ಪ್ಯಾಕೆಟ್ ಹಾಲನ್ನು ನನ್ನ ತೊಡೆಯ ಮೇಲಿಟ್ಟು, ಬಟ್ಟೆ ಒಣಹಾಕುವ ಹಗ್ಗವನ್ನು ಮೂತಿಗೆ ಕಟ್ಟಿ ಎಳೆದಳು. ದೋಣಿ ಕುರಿಮರಿಯ ಹಾಗೆ ಹಿಂದೆ ಹೋಯಿತು. ತಿರುವಿನಲ್ಲಿ ಕೂಡ ಗೋಡೆಗೆ ಸೋಕಲಿಲ್ಲ.

ಮೇಲಿನ ಬಾಲ್ಕನಿಯಿಂದ ಮಾಮಿ ಕೂಗಿದರು: "ಎನಕ್ಕೂ ರೆಂಡು ಪಾಕೆಟ್ ಪಾಲ್, ಮಾ!" ಹಿಂದೆಯೇ ಇನ್ನೆರಡು ಬಾಲ್ಕನಿಗಳು ಕೂಗಿದವು.

ನನ್ನಾಕೆ ಹಗ್ಗ ಹಿಡಿದು ನಿಂತು ಹಿಂದಿರುಗಿ ನೋಡಿದಳು.

"ರೀ, ಇಳೀರಿ. ಜಾಗ ಬೇಕು."