ಡ್ರಮ್ಮಿನಲ್ಲಿ ಓಡಿದರೆ ಸಾಲದು

ಬೇಡ ಭಾವ, ಕಾರ್ಬೊರೇಟರನ್ನು ಈಗಲೇ ಬಿಚ್ಚಬೇಡಿ. ಸ್ಪ್ಯಾನರ್ ಅಲ್ಲೇ ಇಟ್ಟು ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ. ನೀವು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನಾ ನೋಡಿ: ಎಂಜಿನ್ನು ಒಂದೇ ಎಳೆತಕ್ಕೆ ಸ್ಟಾರ್ಟ್ ಆಗ್ತದೆ, ಸ್ಲೋದಲ್ಲಿ ಬೇಕಾದಷ್ಟು ಹೊತ್ತು ಓಡ್ತದೆ, ಅರ್ಧ ರೇಸ್‌ವರೆಗೆ ತಕರಾರೇ ಇಲ್ಲ. ಹಿಡಿ ಪೂರ್ತಿ ತಿರುಗಿಸಿದರೆ ಸ್ವಲ್ಪ ದೂರ ಚೆನ್ನಾಗಿ ಹೋಗಿ, ಆಮೇಲೆ ಕುಗ್ತದೆ. ಹಿಡಿ ಇಳಿಸಿದರೆ ಮತ್ತೆ ಚೇತರಿಸಿಕೊಳ್ತದೆ. ಹೌದಲ್ಲ?

ಮೆಕ್ಯಾನಿಕ್ ಡ್ರಮ್ಮಿಗೆ ನೀರು ತುಂಬಿಸಿ, ಅದರಲ್ಲಿ ಓಡಿಸಿ, ಎಂತದೂ ತೊಂದರೆ ಇಲ್ಲ ಅಂದರಂತೆ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಡ್ರಮ್ಮಿನಲ್ಲಿ ದೋಣಿ ಇಲ್ಲ, ಬಲೆ ಇಲ್ಲ, ಎದುರು ನೀರಿನ ಒತ್ತಡ ಇಲ್ಲ. ಭಾರ ಇಲ್ಲದ ಎಂಜಿನ್ನು ಅರೆಹೊಟ್ಟೆಯಲ್ಲೂ ಜೋರಾಗಿ ತಿರುಗ್ತದೆ. ಭಾರ ಬಿದ್ದ ಮೇಲೆ ಅದಕ್ಕೆ ಎಣ್ಣೆ ಜಾಸ್ತಿ ಬೇಕು, ಗಾಳಿ ಜಾಸ್ತಿ ಬೇಕು, ಕಿಡಿಯೂ ಗಟ್ಟಿ ಬೇಕು. ಇನ್ನೊಂದು ಸಂಗತಿ, ಕಾರ್ಬೊರೇಟರಿನೊಳಗೆ ಸ್ಲೋಗೆ ಬೇರೆ ದಾರಿ, ಪೂರ್ತಿ ರೇಸಿಗೆ ಬೇರೆ ದಾರಿ. ಸ್ಲೋದಲ್ಲಿ ಚಂದ ಓಡ್ತದೆ ಎಂದರೆ ಸ್ಲೋ ದಾರಿ ಸರಿ ಇದೆ ಎಂದು ಮಾತ್ರ ಅರ್ಥ. ಮೈನ್ ಜೆಟ್ಟಿನ ವಿಷಯ ಅದರಿಂದ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಈ ರೋಗವನ್ನು ಹೊಳೆಯಲ್ಲಿಯೇ ಹಿಡಿಯಬೇಕು, ಭಾರ ಹೇರಿಕೊಂಡೇ ಹಿಡಿಯಬೇಕು.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣ ಇದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ. 10 ಎಚ್‌ಪಿ ಒಳಗಿನ ಎಂಜಿನ್ನಿನ ನಾಡದೋಣಿಗಳಿಗೆ ಅದೇ ದುಡಿಮೆಯ ಕಾಲ. ಕಡಲು ಮುನಿದಿರುವುದೂ ಅದೇ ಕಾಲದಲ್ಲಿ. ಗಂಗೊಳ್ಳಿ ಅಳಿವೆಯನ್ನು ನೀವು ನೋಡದವರಲ್ಲ. ಐದು ಹೊಳೆಗಳ ನೀರು ಒಟ್ಟಿಗೆ ನುಗ್ಗಿ ಬರುವಾಗ ಆಚೆಯಿಂದ ಕಡಲ ತೆರೆ ಏಳ್ತದೆ, ಮರಳ ದಿಬ್ಬದ ಮೇಲೆ ಒಡೀತದೆ. ಒಳಗೆ ಬರುವಾಗ ಬೆನ್ನ ಹಿಂದೆ ಏಳುವ ತೆರೆಯ ಜೊತೆಗೆ ವೇಗ ಹೊಂದಿಸಿಕೊಂಡು ಬರಬೇಕು. ಆ ಹೊತ್ತಿಗೆ ಎಂಜಿನ್ನು ಕುಗ್ಗಿದರೆ ದೋಣಿ ಅಡ್ಡ ತಿರುಗ್ತದೆ, ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆ ಮಗುಚಿಬಿಡ್ತದೆ. ಪೂರ್ತಿ ರೇಸ್ ಬೇಕಾಗುವುದು ಒಂದೆರಡು ನಿಮಿಷ ಮಾತ್ರ, ಆದರೆ ಜೀವ ಇರುವುದು ಆ ನಿಮಿಷದಲ್ಲಿಯೇ.

ಈಗ ಮುಖ್ಯ ಪ್ರಶ್ನೆ. ಹಿಡಿ ತಿರುಗಿಸಿದ ಕೂಡಲೇ ಏಳುವುದಿಲ್ಲವೋ, ಅಥವಾ ಎದ್ದು, ಸ್ವಲ್ಪ ಓಡಿ, ಆಮೇಲೆ ಬೀಳ್ತದೋ? ಎರಡೂ ಒಂದೇ ಅಲ್ಲ. ಕಾರ್ಬೊರೇಟರಿನ ಬಟ್ಟಲಲ್ಲಿ ಸ್ವಲ್ಪ ಎಣ್ಣೆ ಯಾವಾಗಲೂ ನಿಂತಿರ್ತದೆ. ಆ ಎಣ್ಣೆ ಮುಗಿಯುವವರೆಗೆ ಎಂಜಿನ್ನು ಜೋರಾಗಿ ಓಡಿ, ಮುಗಿದ ಮೇಲೆ ಬಿದ್ದರೆ ಹಿಂದಿನಿಂದ ಎಣ್ಣೆ ಸಾಕಷ್ಟು ಬರುತ್ತಿಲ್ಲ ಎಂದಾಯಿತು. ನಿಮ್ಮದು ಎರಡನೆಯದು. ಹಾಗಾದರೆ ಟ್ಯಾಂಕಿನಿಂದ ಹೊರಟು ಒಂದೊಂದೇ ಹೆಜ್ಜೆ ಮುಂದೆ ಬರುವ.

ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು. ಅದು ಮುಚ್ಚಿದ್ದರೆ, ಇಲ್ಲವೇ ಉಪ್ಪು ಹಿಡಿದು ಕಟ್ಟಿಕೊಂಡಿದ್ದರೆ, ಎಣ್ಣೆ ಹೋದ ಜಾಗಕ್ಕೆ ಗಾಳಿ ಬರಲು ದಾರಿಯಿಲ್ಲ. ಆಗ ಪಂಪು ಎಷ್ಟು ಎಳೆದರೂ ಎಣ್ಣೆ ಬರುವುದಿಲ್ಲ. ಕಾಸು ಖರ್ಚಿಲ್ಲದ ಪರೀಕ್ಷೆ, ಮುಚ್ಚಳ ಸಡಿಲ ಮಾಡಿ ಓಡಿಸಿ ನೋಡಿ. ಸರಿಯಾದರೆ ಅಲ್ಲಿಗೇ ಮುಗಿಯಿತು.

ಸರಿಯಾಗದಿದ್ದರೆ ಪೈಪಿನ ನಡುವೆ ಇರುವ ರಬ್ಬರ್ ಬಲ್ಬಿದೆಯಲ್ಲ, ಅದೇ ನಿಮ್ಮ ನಾಡಿ. ಹಿಡಿಯನ್ನು ಇನ್ನೊಬ್ಬರ ಕೈಗೆ ಕೊಡಿ. ಎಂಜಿನ್ನು ಕುಗ್ಗುತ್ತಿರುವ ಹೊತ್ತಿಗೇ ಬಲ್ಬನ್ನು ಅಂಗೈಯಲ್ಲಿ ಹಿಡಿದು ನೋಡಿ. ಅದು ಒಳಗೆ ಎಳೆದುಕೊಂಡು ಚಪ್ಪಟೆಯಾಗಿದ್ದರೆ ಅಡ್ಡಿ ಬಲ್ಬಿಗಿಂತ ಹಿಂದೆ ಇದೆ, ಎಂದರೆ ಟ್ಯಾಂಕಿನ ಜಾಲರಿಯಲ್ಲೋ, ಟ್ಯಾಂಕಿನಿಂದ ಬರುವ ಪೈಪಿನಲ್ಲೋ. ಚಪ್ಪಟೆಯಾಗದೆ, ನೀವು ಹಿಸುಕಿದಾಗೆಲ್ಲ ಎಂಜಿನ್ನಿಗೆ ಜೀವ ಬಂದರೆ ನಿಮ್ಮ ಕೈ ಪಂಪಿನ ಕೆಲಸ ಮಾಡ್ತಾ ಉಂಟು. ಆಗ ಫ್ಯೂಯೆಲ್ ಪಂಪನ್ನು ನೋಡಬೇಕು, ಎಲ್ಲಾದರೂ ಪೈಪಿನ ಕ್ಲಿಪ್ ಸಡಿಲವಾಗಿ ಗಾಳಿ ಎಳೆಯುತ್ತಿದೆಯಾ ಎಂದೂ ನೋಡಬೇಕು. ಈ ಪಂಪಿಗೆ ಬೇರೆ ಮೋಟಾರಿಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಕ್ರ್ಯಾಂಕ್‌ಕೇಸಿನಲ್ಲಿ ಹುಟ್ಟುವ ಒತ್ತಡಕ್ಕೇ ಒಂದು ತೆಳು ಪೊರೆ ಬಡಿದುಕೊಳ್ತದೆ, ಅಷ್ಟೇ. ಪೊರೆ ಗಟ್ಟಿಯಾಗಿದ್ದರೂ ಸಣ್ಣ ತೂತು ಬಿದ್ದಿದ್ದರೂ ಸ್ಲೋಗೆ ಸಾಕಾಗುವಷ್ಟು ಎಣ್ಣೆ ತಳ್ಳುತ್ತದೆ, ಪೂರ್ತಿ ರೇಸಿಗೆ ಸಾಲುವುದಿಲ್ಲ.

ಪೈಪಿನ ವಿಷಯದಲ್ಲಿ ಒಂದು ಎಚ್ಚರ ಹೇಳ್ತೇನೆ. ಹೊರಗಿನಿಂದ ಹೊಸದರ ಹಾಗೆ ಕಂಡ ಪೈಪನ್ನು ಉದ್ದಕ್ಕೆ ಸೀಳಿ ನೋಡಿದ್ದೇನೆ. ಒಳಪದರ ಎದ್ದು ನಾಲಿಗೆ ಚಾಚಿ ನಿಂತಿತ್ತು. ಎಣ್ಣೆ ನಿಧಾನ ಹರಿಯುವಾಗ ಅದು ಬದಿಗೆ ಒರಗಿ ದಾರಿ ಬಿಡ್ತದೆ, ಜೋರಾಗಿ ಎಳೆದಾಗ ಎದ್ದು ದಾರಿ ಮುಚ್ಚುತ್ತದೆ. ಊದಿ ನೋಡಿದರೆ ಗಾಳಿ ಸಲೀಸಾಗಿ ಹೋಗ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಹಳೇ ರಬ್ಬರಿಗೆ ಅದು ಆಗುವುದಿಲ್ಲ, ನೀರನ್ನೂ ಎಳೆದುಕೊಳ್ತದೆ. ಅನುಮಾನ ಇದ್ದರೆ ಪೈಪು ಬದಲಿಸಿಬಿಡಿ.

ನಿಮ್ಮದು ಸೀಮೆಎಣ್ಣೆ ಎಂಜಿನ್ನು ಆದ್ದರಿಂದ ನಮಗೆ ಒಂದು ಅನುಕೂಲ ಉಂಟು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಹಾಕ್ತೀರಲ್ಲ. ಈ ಸಲ ಕಾಕ್ ತಿರುಗಿಸದೆ, ಪೆಟ್ರೋಲಿನಲ್ಲಿಯೇ ಪೂರ್ತಿ ರೇಸ್ ಕೊಟ್ಟು ನೋಡಿ. ಅದರಲ್ಲಿ ಕುಗ್ಗದಿದ್ದರೆ ಕಾರ್ಬೊರೇಟರು, ಪ್ಲಗ್ಗು, ಕಾಯ್ಲು ಎಲ್ಲ ನಿರಪರಾಧಿಗಳು, ದೋಷ ಸೀಮೆಎಣ್ಣೆಯ ಕಡೆಗೇ. ಆ ಟ್ಯಾಂಕಿನ ತಳದಿಂದ ಸ್ವಲ್ಪ ಎಣ್ಣೆಯನ್ನು ಗಾಜಿನ ಬಾಟಲಿಗೆ ತೆಗೆದು ರಾತ್ರಿಯಿಡೀ ಅಲುಗಿಸದೆ ಇಡಿ. ನೀರಿದ್ದರೆ ಬೆಳಿಗ್ಗೆ ತಳದಲ್ಲಿ ಗೆರೆ ಹೊಡೆದ ಹಾಗೆ ಬೇರೆಯಾಗಿ ಕಾಣ್ತದೆ. ಎಂಜಿನ್ನು ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ಹಾಕಿದರೂ ಸರಿಯಾಗಿ ಉರಿಯುವುದಿಲ್ಲ, ಪ್ಲಗ್ಗಿಗೆ ಮಸಿ ಹಿಡೀತದೆ. ಅವಸರ ಮಾಡಬೇಡಿ.

ಇಷ್ಟೆಲ್ಲ ಸರಿಯಿದ್ದ ಮೇಲೆ ಕಾರ್ಬೊರೇಟರ್ ಬಿಚ್ಚಿ, ನಾನು ಬೇಡ ಅನ್ನುವುದಿಲ್ಲ. ಆದರೆ ಜೆಟ್ಟಿನ ತೂತಿಗೆ ಉಕ್ಕಿನ ತಂತಿ ಚುಚ್ಚಬೇಡಿ. ಅದು ಹಿತ್ತಾಳೆ, ಕೂದಲೆಳೆಯಷ್ಟು ಅಗಲವಾದರೂ ಎಣ್ಣೆಯ ಲೆಕ್ಕ ತಪ್ತದೆ. ಬಲೆಯ ನೈಲಾನ್ ಎಳೆ ಸಾಕು, ಆಮೇಲೆ ಕ್ಲೀನರ್ ಹೊಡೆದು ಗಾಳಿ ಊದಿದರೆ ಆಯಿತು.

ಎಂಜಿನ್ನಿನ ಸದ್ದನ್ನೂ ಕೇಳಿ. ಸದ್ದು ಏರಿದರೂ ದೋಣಿಯ ವೇಗ ಏರದಿದ್ದರೆ ಎಂಜಿನ್ನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಪ್ರೊಪೆಲ್ಲರಿನ ನಡುವಿನ ರಬ್ಬರ್ ಬುಷ್ ಜಾರುತ್ತಿರಬಹುದು. ಬುಷ್ಷಿಗೂ ಪ್ರೊಪೆಲ್ಲರಿಗೂ ಅಡ್ಡಲಾಗಿ ಮಾರ್ಕರಿನಲ್ಲಿ ಒಂದೇ ಗೆರೆ ಎಳೆದು ಓಡಿಸಿ ಬನ್ನಿ, ಜಾರಿದ್ದರೆ ಗೆರೆ ಎರಡು ತುಂಡಾಗಿರ್ತದೆ. ಸದ್ದೂ ವೇಗವೂ ಒಟ್ಟಿಗೆ ಬಿದ್ದರೆ ಮಾತ್ರ ಎಣ್ಣೆ, ಕಿಡಿ, ಬಿಸಿ ಈ ಮೂರರಲ್ಲಿ ಒಂದು. ಹಿಂದಿನಿಂದ ಚಿಮ್ಮುವ ನೀರಿನ ಧಾರೆಯ ಮೇಲೂ ಕಣ್ಣಿರಲಿ. ಧಾರೆ ಸಪೂರವಾಗಿದ್ದರೆ ನೀರಿನ ಇಂಪೆಲ್ಲರ್ ಸವೆದಿರಬಹುದು, ಉಪ್ಪು ಕಟ್ಟಿರಬಹುದು. ಹಾಗಿದ್ದರೆ ಆ ದಿನಕ್ಕೆ ಪರೀಕ್ಷೆ ನಿಲ್ಲಿಸಿ, ಬಿಸಿಯಾದ ಪಿಸ್ಟನ್ ಹಿಡಿದುಕೊಂಡರೆ ಖರ್ಚು ಬೇರೆಯೇ ಆಗ್ತದೆ.

ನಾಳೆ ಭರತ ಇರುವಾಗ ಹೊಳೆಯ ಒಳಗೇ ಹೋಗುವ, ಅಳಿವೆ ಕಡೆ ಬೇಡ. ಬಲೆಯ ಭಾರ ದೋಣಿಯಲ್ಲೇ ಇರಲಿ, ತೆಗೆಯಬೇಡಿ. ಹುಟ್ಟು ಎರಡು, ಲೈಫ್ ಜಾಕೆಟ್ ಎರಡು ಹಾಕಿಕೊಳ್ಳಿ. ನೀವು ಹಿಡಿ ಹಿಡಿಯಿರಿ, ನಾನು ಬಲ್ಬಿನ ಹತ್ತಿರ ಕೂತುಕೊಳ್ತೇನೆ. ಕುಗ್ಗಿದ ಕೂಡಲೇ ಸ್ಲೋಗೆ ತರಬೇಡಿ, ಹಾಗೆಯೇ ಎಂಜಿನ್ ಆಫ್ ಮಾಡಿ. ಸ್ಲೋದಲ್ಲಿ ಬಿಟ್ಟರೆ ಪ್ಲಗ್ಗಿನ ಬಣ್ಣ ಬದಲಾಗಿಬಿಡ್ತದೆ. ಮೇಲಿನ ಸಿಲಿಂಡರಿನ ಪ್ಲಗ್ ಯಾವುದು, ಕೆಳಗಿನದು ಯಾವುದು ಎಂದು ಗುರುತು ಮಾಡಿ ಬಿಚ್ಚುವ. ಎರಡೂ ಬೆಳ್ಳಗಿದ್ದರೆ ಎಣ್ಣೆ ಸಾಲುತ್ತಿಲ್ಲ. ಒಂದು ಕಂದು, ಇನ್ನೊಂದು ಒದ್ದೆ ಕಪ್ಪು ಇದ್ದರೆ ಆ ಒದ್ದೆ ಸಿಲಿಂಡರಿನ ಕಾಯ್ಲನ್ನು ಈಚೆಗೆ ಹಾಕಿ ನೋಡುವ.