ಅದು ಮೂರನೇ ಹಂತದಲ್ಲಿ ಬರುತ್ತೆ

ದಕ್ಷಿಣ ಬೆಂಗಳೂರಿನಲ್ಲಿ ಅಧ್ಯಕ್ಷರಿಗೆ ಬರವಿಲ್ಲ. ರಾಮನವಮಿ ಸಂಗೀತೋತ್ಸವಕ್ಕೊಬ್ಬರು, ರಾಜ್ಯೋತ್ಸವಕ್ಕೊಬ್ಬರು, ಗಣೇಶೋತ್ಸವಕ್ಕೆ ಬಣಕ್ಕೊಬ್ಬರಂತೆ ಇಬ್ಬರು, ಬೆಳಗ್ಗೆ ಪಾರ್ಕಿನಲ್ಲಿ ಕೈಯೆತ್ತಿ ನಗುವವರಿಗೂ ಒಬ್ಬರು. ಇವರ ನಡುವೆ ಒಂದು ಅಪರೂಪದ ತಳಿಯಿದೆ: ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ಜಯನಗರದ ಅಂಥದ್ದೊಂದು ಪುಟ್ಟ ಕ್ಲಬ್ಬಿಗೆ ನಾನು ಖಜಾಂಚಿ. ಖಜಾನೆ ಇಲ್ಲದ ಕಡೆ ಖಜಾಂಚಿಯಾಗುವುದು ಸುಲಭ. ಯಾರೂ ಪೈಪೋಟಿಗೆ ಬರುವುದಿಲ್ಲ.

ಅಪರೂಪ ಅಂದದ್ದಕ್ಕೆ ಕಾರಣವಿದೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡಿನ ಕಡೆ. ಹಲಸೂರು, ಗೌತಮಪುರ, ಆಸ್ಟಿನ್ ಟೌನ್‌ಗಳ ಹುಡುಗರು ಸೋಲ್ಜರುಗಳ ಆಟ ನೋಡಿ ನೋಡಿ ಕಲಿತು, ಕೊನೆಗೆ ಒಲಿಂಪಿಕ್ಸ್‌ವರೆಗೂ ಹೋದರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಮ್ಮ ಕಡೆ ಮಗು ಅಂಬೆಗಾಲಿಡುವ ಮೊದಲೇ ಬ್ಯಾಟು ಹಿಡಿಯುತ್ತದೆ. ಭಾನುವಾರ ಶಾಲಿನಿ ಮೈದಾನದ ಕಡೆ ಹೋಗಿ ನೋಡಿ, ಒಂದು ಪಂದ್ಯದ ಥರ್ಡ್ ಮ್ಯಾನ್ ಇನ್ನೊಂದು ಪಂದ್ಯದ ಅಂಪೈರಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಇಂಥ ನೆಲದಲ್ಲಿ ಫುಟ್‌ಬಾಲ್ ಕ್ಲಬ್ ಕಟ್ಟುವವನು ಒಂದೋ ಮಹಾತ್ಮನಾಗಿರಬೇಕು, ಇಲ್ಲವೇ ನಿವೃತ್ತನಾಗಿರಬೇಕು. ನಮ್ಮ ಅಧ್ಯಕ್ಷರು ನಿವೃತ್ತರು. ಅದೂ ಒಂದು ಸಾರ್ವಜನಿಕ ಉದ್ದಿಮೆಯ ಖರೀದಿ ವಿಭಾಗದಿಂದ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ವಾರ್ಷಿಕ ಸಭೆ ಅವರ ಮನೆಯ ತಾರಸಿಯ ಮೇಲೆ, ತಗಡಿನ ಶೀಟಿನ ಕೆಳಗೆ. ಅಜೆಂಡಾದಲ್ಲಿ ಎರಡೇ ವಿಷಯ: ಕಳೆದ ವರ್ಷದ ಅವಲೋಕನ, ಮುಂದಿನ ಯೋಜನೆ. ಕಳೆದ ವರ್ಷ ಎಂದರೆ ಅವರಿಗೆ 1937ರಿಂದ ಶುರು. ಆ ವರ್ಷ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಎತ್ತಿಕೊಂಡು ಬಂತು. ಅಲ್ಲಿಯವರೆಗೆ ಪಟಾಲಮ್ಮುಗಳವರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದ ಕಪ್ಪದು. ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನದು. ಅಲ್ಲಿಂದ ಮೈಸೂರು ತಂಡ ಬಂಗಾಳವನ್ನು ಮಣಿಸಿದ 1946-47ರ ಸಂತೋಷ್ ಟ್ರೋಫಿ. ಅಲ್ಲಿಂದ 1948ರ ಲಂಡನ್ ಒಲಿಂಪಿಕ್ಸ್. ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲು ಬೆಂಗಳೂರಿನ ಎಸ್. ರಾಮನ್ ಅವರದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು ಎನ್ನುತ್ತಾ ಒಮ್ಮೆ ಅಧ್ಯಕ್ಷರು ಎದ್ದು ಕಾಲು ಬೀಸಿದರು. ಹವಾಯಿ ಚಪ್ಪಲಿ ಹಾರಿ ಸೀದಾ ನೀರಿನ ಟ್ಯಾಂಕಿಗೆ ಬಡಿಯಿತು. ಈ ವರ್ಷ ಕ್ಲಬ್ಬಿನವರು ಗುರಿ ಮುಟ್ಟಿಸಿದ ಒಂದೇ ಹೊಡೆತ ಇದು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು.

ನಮ್ಮ ಕಾಲಕ್ಕೆ ಬಂದು ಮುಟ್ಟುವ ಹೊತ್ತಿಗೆ ಕಾಫಿಯೂ ಬರುತ್ತದೆ. ಆಗ ಅಂಕಪಟ್ಟಿ ತೆರೆಯುತ್ತಾರೆ. ಪಟ್ಟಿಯಲ್ಲಿ ನಮ್ಮ ಕ್ಲಬ್ ಎರಡನೆಯದು, ಏಕೆಂದರೆ ಪಟ್ಟಿ ಅಕಾರಾದಿಯಾಗಿರುತ್ತದೆ. ಗೋಲುಗಳ ವ್ಯತ್ಯಾಸದ ಕಾಲಮಿನಲ್ಲಿ -17 ಎಂದಿತ್ತು. 'ಹದಿನೇಳು' ಎಂದು ಗಂಭೀರವಾಗಿ ಓದಿದರು. ಹಿಂದೆ ಮೈನಸ್ ಇದೆಯಲ್ಲ ಸಾರ್ ಅಂದೆ. 'ಅದು ಡ್ಯಾಶ್ ಕಣ್ರೀ' ಅಂದರು.

ಇಷ್ಟನ್ನು ಸಹಿಸಬಹುದು. ನನ್ನ ಹೊಟ್ಟೆ ಉರಿಸಿದ್ದು ಗ್ಲೌಸಿನ ಪ್ರಕರಣ. ಅಧ್ಯಕ್ಷರು ಐದು ಹಂತಗಳ ಯೋಜನೆ ವಿವರಿಸುತ್ತಿದ್ದರು. ಮೊದಲ ಹಂತದಲ್ಲಿ ಲಾಂಛನ ಮತ್ತು ಲೆಟರ್‌ಹೆಡ್, ಎರಡರಲ್ಲಿ ಅಕಾಡೆಮಿ, ಮೂರರಲ್ಲಿ ಸಲಕರಣೆ, ನಾಲ್ಕರಲ್ಲಿ ಸೂಪರ್ ಡಿವಿಷನ್, ಐದರಲ್ಲಿ ಡುರಾಂಡ್ ಕಪ್. ನಮ್ಮ ಗೋಲಿ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿರುವ ಮಲಪ್ಪುರದ ಹುಡುಗ. ಕೈಯೆತ್ತಿ, ಬಂದಷ್ಟು ಕನ್ನಡದಲ್ಲಿ, 'ಸಾರ್, ಗ್ಲೌಸ್ ಹರಿದಿದೆ' ಅಂದ. 'ಅದು ಮೂರನೇ ಹಂತದಲ್ಲಿ ಬರುತ್ತೆ' ಅಂದರು.

ಹುಡುಗನ ಅಂಗೈ ಸುಲಿದದ್ದು ನೋಡಿ ಕೊನೆಗೆ ಮನಸ್ಸು ಕರಗಿತು. ಅವರ ಮನಸ್ಸು ಕರಗುವುದೂ ನಿಯಮದ ಪ್ರಕಾರವೇ. ಮೊದಲು ಇಂಡೆಂಟ್. ಆಮೇಲೆ ಮೂರು ಅಂಗಡಿಗಳಿಂದ ಮುಚ್ಚಿದ ಲಕೋಟೆಯಲ್ಲಿ ಕೊಟೇಶನ್. ಅದನ್ನು ತೆರೆಯಲು ಮೂವರ ಉಪಸಮಿತಿ. ಉಪಸಮಿತಿ ದರ್ಶಿನಿಯೊಂದರಲ್ಲಿ ನಿಂತುಕೊಂಡೇ ಸೇರಿತು. ಕಾಫಿ, ಖಾಲಿ ದೋಸೆಯ ಖರ್ಚು ಗ್ಲೌಸಿನ ಬೆಲೆಯ ಅರ್ಧಕ್ಕೆ ಬಂತು. ಕಡಿಮೆ ದರದವನಿಗೆ ಆರ್ಡರ್ ಹೋಯಿತು: 'ಕೀಪಿಂಗ್ ಗ್ಲೌಸ್, ಒಂದು ಜೊತೆ'. ಜಯನಗರದ ಅಂಗಡಿಯವನಿಗೆ ಕೀಪರ್ ಎಂದರೆ ಒಬ್ಬನೇ. ಬಂದದ್ದು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಪಟ್ಟಿಯಿರುವ, ದಪ್ಪ ಚರ್ಮದ ವಿಕೆಟ್ ಕೀಪಿಂಗ್ ಗ್ಲೌಸ್.

ಅಧ್ಯಕ್ಷರು ತಿರುಗಿಸಿ ತಿರುಗಿಸಿ ನೋಡಿದರು. 'ಕೀಪಿಂಗ್ ಅಂತ ಇದೆ. ಗ್ಲೌಸ್ ಅಂತ ಇದೆ. ಒಂದು ಜೊತೆ ಇದೆ. ಆರ್ಡರ್ ಪ್ರಕಾರ ಇರೋದನ್ನ ವಾಪಸ್ ಮಾಡೋಕೆ ಬರಲ್ಲ.' ಮುಂದಿನ ಭಾನುವಾರ ಹುಡುಗ ಅದನ್ನೇ ತೊಟ್ಟು ನಿಂತ. ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಇವನು ಬಲಕ್ಕೆ ಹಾರಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದ. ಪಕ್ಕದ ಪಿಚ್ಚಿನ ಹನ್ನೊಂದೂ ಹುಡುಗರು ಒಟ್ಟಿಗೆ ಇತ್ತ ತಿರುಗಿ 'ಹೌಸ್ಸಾಟ್' ಎಂದು ಕೂಗಿದರು. ಅಂದು ನಾವು ಒಂದೇ ಗೋಲಿನಿಂದ ಸೋತೆವು. ಖರೀದಿಯ ಯಶಸ್ಸು ಎಂಬ ಶೀರ್ಷಿಕೆಯಡಿ ಇದು ವರದಿಗೆ ಸೇರಿತು.

ಇನ್ನುಳಿದವು ಸಣ್ಣಪುಟ್ಟವು. ಟ್ರ್ಯಾಕ್‌ಸೂಟಿಗೆ ಗೆರೆ ಬರುವಂತೆ ಇಸ್ತ್ರಿ ಹಾಕಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆಪಿನಲ್ಲಿ ಬಾರ್ಸಿಲೋನಾದ ಆಟದ ವ್ಯೂಹ ಕಳಿಸುತ್ತಾರೆ. ಬೆಳಗ್ಗೆ ಮೈದಾನಕ್ಕೆ ಬರುವುದು ಒಂಬತ್ತೇ ಜನ. ಉಳಿದವರು ಜೆ.ಪಿ. ನಗರದ ಟರ್ಫಿನಲ್ಲಿ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುತ್ತಿರುತ್ತಾರೆ. ಪಳಗಿದ ಆಟಗಾರನಿಗೆ ಏಪ್ರಿಲ್‌ನ ಅಪ್ರೈಸಲ್ ಮುಗಿದದ್ದೇ ಹೈದರಾಬಾದಿನಲ್ಲಿ ಕೆಲಸ ಸಿಗುತ್ತದೆ. ಅಧ್ಯಕ್ಷರು ಅದನ್ನು ವರದಿಯಲ್ಲಿ 'ಟ್ರಾನ್ಸ್‌ಫರ್' ಎಂದು ಬರೆಸುತ್ತಾರೆ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದ ಬೆಂಗಳೂರು ಎಫ್‌ಸಿಯ ಮಾತೆತ್ತದೆ ಅವರ ಭಾಷಣ ಮುಗಿಯದು. ಅವರ ಹಿಂದೆ ಜೆಎಸ್‌ಡಬ್ಲ್ಯು ಇದೆ ಸಾರ್, ಉಕ್ಕಿನ ಕಂಪನಿ, ಅಂದೆ. ನಮ್ಮ ಪ್ರಾಯೋಜಕರದು ನಾಲ್ಕನೇ ಬ್ಲಾಕಿನಲ್ಲಿ ಪಾತ್ರೆ ಅಂಗಡಿ. 'ಅವರದ್ದೂ ಸ್ಟೀಲೇ, ನಮ್ಮದೂ ಸ್ಟೀಲೇ' ಅಂದರು.

ಆದರೆ ಭಾನುವಾರ ಎಲ್ಲರಿಗಿಂತ ಮೊದಲು ಮೈದಾನದಲ್ಲಿರುವವರು ಅವರೇ. ತಳಕ್ಕೆ ತೂತು ಕೊರೆದ ಡಬ್ಬದಿಂದ ಸುಣ್ಣ ಉದುರಿಸುತ್ತಾ ಗೆರೆ ಎಳೆಯುತ್ತಾರೆ. ಎಂಟು ಗಂಟೆಗೆ ಕ್ರಿಕೆಟ್ಟಿನವರು ತುಳಿದು ಅಳಿಸುತ್ತಾರೆ. ಬೈಯದೆ ಮತ್ತೆ ಎಳೆಯುತ್ತಾರೆ. ಪೆನಾಲ್ಟಿ ಬಾಕ್ಸಿನ 18 ಗಜಕ್ಕೆ ಟೇಪಿಲ್ಲ, ಹದಿನೆಂಟು ಹೆಜ್ಜೆಯೇ ಲೆಕ್ಕ. ಮಂಡಿನೋವು ಶುರುವಾದ ಮೇಲೆ ಹೆಜ್ಜೆ ಗಿಡ್ಡವಾಗಿ, ನಮ್ಮ ಬಾಕ್ಸು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಹುಡುಗರಿಗೆಲ್ಲ ಇದು ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಟೇಪು ತರುತ್ತೇನೆ ಎಂದು ನಾನೊಮ್ಮೆ ಅಂದಾಗ ಅವರೇ ತಡೆದರು: 'ಕೊಟೇಶನ್ ಬೇಕಲ್ಲ.'

ಅವರ ಬತ್ತಳಿಕೆಯ ಕೊನೆಯ ಬಾಣ ಸಂತೋಷ್ ಟ್ರೋಫಿ. 1968-69ರಲ್ಲಿ ಮೈಸೂರು ಹೆಸರಿನಲ್ಲಿ ಗೆದ್ದ ರಾಜ್ಯ, ಮತ್ತೆ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3-2ರಿಂದ, ಕರ್ನಾಟಕದ ಹೆಸರಿನಲ್ಲಿ. 'ರಾಜ್ಯವೇ 54 ವರ್ಷ ಕಾದಿದೆ, ನಿಮಗೇನ್ರೀ ಅರ್ಜೆಂಟು?' ಎನ್ನುತ್ತಾರೆ. ನಗುವ ಮಾತೇ. ಆದರೆ ಗೆದ್ದವರ ಫೋಟೋ ಪತ್ರಿಕೆಯಲ್ಲಿ ಬಂತು. ನಡುವಿನ ಅಷ್ಟೂ ವರ್ಷ ಸೋತು ಬಂದವರನ್ನು ಮತ್ತೆ ಒಟ್ಟು ಹಾಕಿ, ಬೂಟು ಹೊಂದಿಸಿ, ಮುಂದಿನ ಸಲಕ್ಕೆ ರೈಲು ಹತ್ತಿಸಿದವರ ಹೆಸರು ಯಾರಿಗೆ ಗೊತ್ತು? ಗೆದ್ದ ವರ್ಷ ಸಭೆ ಕರೆಯಲು ಎಲ್ಲರೂ ಮುಂದೆ ಬರುತ್ತಾರೆ. ಕೊನೆಯ ಸ್ಥಾನ ಬಂದ ವರ್ಷ ತಾರಸಿ ಗುಡಿಸಿ, ಕುರ್ಚಿ ಹಾಕಿಸಿ, ಕಾಫಿಗೆ ಹೇಳುವವನೊಬ್ಬ ಬೇಕು. ಅಂಥವನಿಗೆ ಸ್ವಲ್ಪ ಮಂಕು ಇರಬೇಕಾದದ್ದೇ. ಪೂರ್ತಿ ಬುದ್ಧಿವಂತನಾದರೆ ಎರಡನೇ ವರ್ಷಕ್ಕೇ ಕ್ಲಬ್ ಮುಚ್ಚಿರುತ್ತಿದ್ದ.

ಈ ಸಲದ ಸಭೆಯಲ್ಲಿ ಲೆಕ್ಕಪತ್ರ ಓದುವ ಸರದಿ ನನ್ನದು. ಕೊನೆಯ ಸಾಲಿನಲ್ಲಿ, ಉಳಿಕೆಯ ಅಂಕಿಯ ಹಿಂದೆ, ಒಂದು ಸಣ್ಣ ಅಡ್ಡಗೆರೆಯಿತ್ತು. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ನಾನು ಡ್ಯಾಶ್ ಎಂದೇ ಓದಿದೆ. ಲೆಕ್ಕಪತ್ರ ಸರ್ವಾನುಮತದಿಂದ ಅಂಗೀಕಾರವಾಯಿತು.